ಮೂರು ಕರ್ಮಗಳು

ಮಿತಾಹಾರದಿಂದಲೂ ನಡಿಗೆಯಿಂದಲೂ ನಾನು ಎರಡು ವರ್ಷಗಳಲ್ಲಿ 110 ಕಿಲೋಗ್ರಾಮಿನಿಂದ 72ಕ್ಕೆ ಇಳಿದೆನು. ಮೇದಸ್ಸು ಕರಗಿತು, ಹಿಗ್ಗಿದ್ದ ಚರ್ಮವು ಮಾತ್ರ ಕುಗ್ಗದೆ ಹೊಟ್ಟೆಯಿಂದ ಜೋತುಬಿದ್ದಿತು. ಬೇಸಗೆಯಲ್ಲಿ ಅದರ ಮಡಿಕೆಯೊಳಗೆ ಬೆವರು ನಿಂತು ಹುಣ್ಣಾಗುತ್ತಿತ್ತು. ಬರಿಮೈಯಲ್ಲಿ ಪಂಕ್ತಿಗೆ ಕುಳಿತುಕೊಳ್ಳಲು ನಾಚಿ, ಬಂಧುಗಳ ಮನೆಯ ಶುಭಕಾರ್ಯಗಳನ್ನೇ ತಪ್ಪಿಸಿಕೊಳ್ಳುತ್ತಿದ್ದೆನು.

ಸುಶ್ರುತನು ಚಿಕಿತ್ಸೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮವೆಂದು ಮೂರಾಗಿ ವಿಭಾಗಿಸಿದ್ದಾನೆ. ಅದನ್ನು ಓದಿದ್ದ ನಾನೂ ನಡುವಣ ಒಂದನ್ನೇ ಚಿಕಿತ್ಸೆಯೆಂದು ಭಾವಿಸಿದ್ದೆನು.

ವೈದ್ಯರು ಒಡನೆ ಶಸ್ತ್ರವನ್ನು ಹಿಡಿಯಲಿಲ್ಲ. ತೂಕವು 6 ತಿಂಗಳು ಏರಿಳಿಯದೆ ನಿಲ್ಲಬೇಕು. ಬೇಳೆ, ಹಾಲು, ಮೊಸರುಗಳಿಂದ ದೇಹಕ್ಕೆ ಪುಷ್ಟಿ ದೊರೆಯಬೇಕು. ನಶ್ಯವನ್ನು ಬಿಡಲೇಬೇಕು, ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಸಂಕೋಚಗೊಳಿಸಿ ಗಾಯವನ್ನು ಮಾಯಗೊಡದು ಎಂದರು. 30 ವರ್ಷಗಳಿಂದ ಸೊಂಟದಲ್ಲಿದ್ದ ಡಬ್ಬಿಯನ್ನು ತಿಪ್ಪೆಗೆಸೆದುದೇ ನನ್ನ ಪೂರ್ವಕರ್ಮಗಳಲ್ಲಿ ಕಠಿನವಾದುದು.

ಪ್ರಧಾನಕರ್ಮವು ನಾನರಿಯದೆಯೇ ಮುಗಿಯಿತು. ಎಚ್ಚತ್ತಾಗ ಹೊಟ್ಟೆಗೆ ಬಿಗಿಪಟ್ಟಿ, ಗಾಯದ ದ್ರವವನ್ನು ಹೊರಗೆಳೆಯಲು ಎರಡು ನಳಿಕೆಗಳು. ಕಾಲಿನಲ್ಲಿ ರಕ್ತವು ಹೆಪ್ಪುಗಟ್ಟದಿರಲೆಂದು ಮರುದಿನವೇ ನಡೆಸಿದರು. ಹೊಲಿಗೆಯು ಎಳೆಯದಂತೆ ಬಿಲ್ಲಾಗಿ ಬಾಗಿ ನಡೆದೆನು.

ಆಮೇಲೆ 6 ವಾರ ಭಾರವನ್ನೆತ್ತಕೂಡದು. ನನ್ನ ಸ್ನಾನದ ನೀರನ್ನು ಮನೆಯಾಕೆ ಹೊತ್ತು ತರುತ್ತಿರಲು ಸುಮ್ಮನೆ ನೋಡುವುದು ಹೊಲಿಗೆಯ ನೋವಿಗಿಂತ ಹೆಚ್ಚಾಗಿತ್ತು. ಒಂದು ದಿನ ತಡೆಯಲಾರದೆ ಕೊಡಕ್ಕೆ ಕೈಯಿಕ್ಕಿದೆನು. “ಮೇಷ್ಟ್ರಿಗೆ ಹೇಳಿದ ಪಾಠ ಹತ್ತುವುದಿಲ್ಲವೇನು?” ಎಂದಳು. ಕೈತೆಗೆದೆನು. ಪಶ್ಚಾತ್ಕರ್ಮದಲ್ಲಿ ಅರ್ಧಪಾಲು ಅವಳದೆಂದು ಅಂದು ತಿಳಿಯಿತು.

ಕಳೆದ ತಿಂಗಳು ತಮ್ಮನ ಮೊಮ್ಮಗನ ಉಪನಯನದಲ್ಲಿ ಪಂಕ್ತಿಗೆ ಕುಳಿತೆನು. ಸೊಂಟದಿಂದ ಸೊಂಟಕ್ಕೆ ಕೆಂಪು ಗೆರೆಯೊಂದಿದೆ. ಮಾಸಲು ವರ್ಷವಾದರೂ ಬೇಕು. ಇರಲಿ, ಉತ್ತರೀಯವನ್ನು ಹೊದೆಯಲಿಲ್ಲ.