ಚೆಟ್ಟಳ್ಳಿ: ಪೊರೆಗಳ ಟಿಪ್ಪಣಿ

1
ಕೊಡಗಿನ ಚೆಟ್ಟಳ್ಳಿಯಲ್ಲಿ ಎರಡು ಸಂಶೋಧನಾ ಕೇಂದ್ರ. ಕಾಫಿ ಬೋರ್ಡಿನದು 1946ರಿಂದ ಇದೆ. ಇನ್ನೊಂದು ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯದು. ಅಲ್ಲಿ ಕೊಡಗಿನ ಕಿತ್ತಳೆ. ಎರಡಕ್ಕೂ ಮಣ್ಣಿನ ಚಿಂತೆ.

2
ಪರೀಕ್ಷೆಗೆ ತೋಟದ ನಾಲ್ಕಾರು ಕಡೆಯ ಮಣ್ಣು ತಂದು ರಾಶಿ ಹಾಕುತ್ತಾರೆ. ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಚೆಲ್ಲುತ್ತಾರೆ. ಉಳಿದದ್ದನ್ನು ಕಲಸಿ ಮತ್ತೆ ನಾಲ್ಕು ಪಾಲು. ಅರ್ಧ ಕಿಲೋ ಆಗುವತನಕ ಇದೇ.

ಸತು ಎಷ್ಟಿದೆ ಎಂದು ನೋಡಬೇಕಿದ್ದರೆ ತಗಡಿನ ಬಕೆಟ್ ಕೂಡದು. ತಗಡಿನ ಮೇಲೆ ಸತುವಿನದೇ ಪೊರೆ.

3
ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೆ ನಿರ್ವಾತ. ಸಾಮಾನ್ಯವಾಗಿ ಹಸಿ ಎಲೆ ಅಲ್ಲಿಗೆ ಸಲ್ಲದು. ಮಳೆಗಾಲವಿಡೀ ನೆನೆದ ಕಾಫಿ ಎಲೆಯ ನೀರು ಪೂರ್ತಿ ತೆಗೆದು, ಮೇಲೆ ಚಿನ್ನ ಹಿಡಿಸುತ್ತಾರೆ. ದಪ್ಪ, ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು. ಚಿನ್ನವಿಲ್ಲದಿದ್ದರೆ ಬಂದ ಎಲೆಕ್ಟ್ರಾನುಗಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಎಲೆಯ ಮೇಲೇ ಜಮಾಯಿಸಿ ಚಿತ್ರ ಕೆಡಿಸುತ್ತವೆ.

4
ಸೂಕ್ಷ್ಮದರ್ಶಕದಲ್ಲಿ ಕಾಫಿ ಎಲೆ ತುಕ್ಕುರೋಗದ ಬೀಜಕಣ: ಬೆನ್ನ ಮೇಲೆ ಮುಳ್ಳು, ಹೊಟ್ಟೆ ನುಣುಪು. ಅರ್ಧಕ್ಕೇ ಯಾಕೆ ಮುಳ್ಳು?

5
ತುಕ್ಕುರೋಗಕ್ಕೆ ಮದ್ದು ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ, ನೀರು. ಮಳೆ ಹಿಡಿಯುವ ಮೊದಲು ಎಲೆಯ ಅಡಿಗೂ ತಾಗುವಂತೆ ಹೊಡೆಯುತ್ತಾರೆ. ಒಣಗಿದ ಮೇಲೆ ನೀಲಿ ಪೊರೆ.

ಸುಣ್ಣ ಸಾಕಾಯಿತೇ? ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಅಲುಗು ಕೆಂಪಾದರೆ ತಾಮ್ರ ಕೂತಿದೆ ಎಂದು ಅರ್ಥ. ಇನ್ನಷ್ಟು ಸುಣ್ಣ. ಈ ತಾಮ್ರದ ಪೊರೆಗೆ, ಚಿನ್ನದ್ದಕ್ಕೆ ಬೇಕಾದಂತೆ ನಿರ್ವಾತ ಬೇಡ, ಕರೆಂಟೂ ಬೇಡ.

6
ಕೊಡಗಿನ ಕೆಲವು ಬಂಡೆಗಳ ಜಿರ್ಕಾನ್ ಹರಳಿಗೆ 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಸೂಕ್ಷ್ಮದರ್ಶಕದ ಎಲೆಕ್ಟ್ರಾನ್ ಕಿರಣ ಬಿದ್ದಾಗ ಹರಳು ಮಿನುಗುತ್ತದೆ, ಒಳಗಿನ ಸುತ್ತುಗಳು ಕಾಣುತ್ತವೆ. ವಯಸ್ಸು ತಿಳಿಯಲು ಯಾವ ಸುತ್ತಿನಲ್ಲಿ ಯುರೇನಿಯಂ, ಸೀಸ ಅಳೆಯಬೇಕೆಂದು ಆಗ ಗೊತ್ತಾಗುತ್ತದೆ.

7
ಕಿರಣ ತಾಗಿದಾಗ ಹೊರಡುವ ಎಕ್ಸ್-ರೇಯಿಂದ ಕಲ್ಲಿನ ಧಾತುಗಳನ್ನು ಗುರುತಿಸುವಾಗ ಚಿನ್ನ ಒಲ್ಲರು. ಚಿನ್ನದ ಎಕ್ಸ್-ರೇ ಗೆರೆ ರಂಜಕ, ಜಿರ್ಕೋನಿಯಂ ಗೆರೆಗಳ ಪಕ್ಕಕ್ಕೇ ಬಿದ್ದು ಅವನ್ನು ಮುಚ್ಚುತ್ತದೆ. ಬದಲಿಗೆ ಇಂಗಾಲ ಹಿಡಿಸುತ್ತಾರೆ. ಆಮೇಲೆ ಕಲ್ಲಿನ ಇಂಗಾಲ ಎಷ್ಟು, ಹಿಡಿಸಿದ್ದು ಎಷ್ಟು, ಹೇಳುವುದು ಕಷ್ಟ.

8
ಕಿರಣ ತಾಗಿದ ಧಾತು ತನ್ನ ಗುರುತಿನ ಎಕ್ಸ್-ರೇ ಹೊರಡಿಸುತ್ತದೆ. ಹೈಡ್ರೋಜನ್ ಹೊರಡಿಸದು. ಅದರ ಬಳಿ ಇರುವುದೇ ಒಂದು ಎಲೆಕ್ಟ್ರಾನ್.

9
ಕಾಫಿ ತೋಟದ ಮಣ್ಣಿನಲ್ಲಿ ಮೊದಲು ನೋಡುವುದು ಹುಳಿ. ಹುಳಿಯ ಅಳತೆ ಎಂದರೆ ಹೈಡ್ರೋಜನ್ ಅಯಾನಿನ ಅಳತೆ. ಮೇಜಿನ ಮೇಲಿನ ಪಿಎಚ್ ಮೀಟರಿಗೆ ಅದು ಸಿಗುತ್ತದೆ. ಮೀಟರಿನ ಕಡ್ಡಿಯ ತುದಿಯಲ್ಲಿ ಗಾಜಿನ ತೆಳು ಪೊರೆ. ಇದನ್ನು ಒಣಗಲು ಬಿಡುವಂತಿಲ್ಲ.