ದಿವೇಆಗರದಲ್ಲಿ ಗಾಳ

1984ರಲ್ಲಿ ಬ್ಯಾಂಕ್ ಕೆಲಸಕ್ಕೆಂದು ಮುಂಬಯಿಗೆ ಬಂದವನು ನಾನು. ಬೇಸಿಗೆ ರಜೆ ಎಂದರೆ ಕುಮಟಾ. ಅದೂ ನಾಲ್ಕೇ ದಿನ. ನೆಂಟರ ಮನೆ, ದೇವಸ್ಥಾನ ಅಂತ ಮುಗಿದುಹೋಗುತ್ತಿತ್ತು. ಅಪ್ಪ-ಅಮ್ಮ ಹೋದ ಮೇಲೆ ಮನೆ ಮಾರಿದೆವು. ಅದೂ ನಿಂತಿತು.

2023ರ ಮೇ ತಿಂಗಳಲ್ಲಿ ಮಗ ಒಂದು ಕ್ಯಾರವಾನ್ ಬಾಡಿಗೆಗೆ ತಂದ. ಒಳಗೇ ಹಾಸಿಗೆ, ಒಲೆ, ಪಾಯಖಾನೆ! ಭಾವುಚಾ ಧಕ್ಕಾದ ಹತ್ತಿರ ಗಾಡಿ ಸಮೇತ ರೋ-ರೋ ಹಡಗು ಹತ್ತಿ ಮಾಂಡ್ವಾದಲ್ಲಿ ಇಳಿದೆವು. ಅಲಿಬಾಗ, ಮುರುಡ ದಾಟಿ, ಆಗರದಾಂಡಾದಲ್ಲಿ ಇನ್ನೊಂದು ಬಾರ್ಜಿನಲ್ಲಿ ಖಾಡಿ ದಾಟಿದರೆ ದಿಘಿ, ಮುಂದೆ ದಿವೇಆಗರ. ತೆಂಗು-ಅಡಿಕೆ ತೋಟದವರೊಬ್ಬರು ಗಾಡಿ ನಿಲ್ಲಿಸಲು ಜಾಗ ಕೊಟ್ಟರು. "ನಮ್ಮೂರ ಹಾಗೇ ಉಂಟಲ್ರೀ" ಎಂದಳು ನನ್ನವಳು.

ಮೊಮ್ಮಗ ಹೊಸ ರಾಡು, ರೀಲು ತಂದಿದ್ದ. ನನಗೆ ಅದು ತಿಳಿಯದು. ಅಘನಾಶಿನಿ ಅಳಿವೆಯಲ್ಲಿ ಅಪ್ಪ ಕಲಿಸಿದ್ದು ಬರೀ ದಾರ, ಗಾಳ, ಗಾಳಕ್ಕೆ ಚುಚ್ಚಿದ ಸಿಗಡಿ. ಭರತ ಏರುವಾಗ ಎಸೆದು, ದಾರವನ್ನು ತೋರುಬೆರಳ ಮೇಲಿಟ್ಟು ಕೂರಬೇಕು.

"ಸುಮ್ನೆ ಕೂತ್ಕೋ ಮಗಾ, ಮೀನು ಬಂದ್ರೆ ಬೆರಳಿಗೇ ಗೊತ್ತಾಗ್ತದೆ" ಎಂದೆ.

ಎರಡು ತಾಸಿಗೆ ಗೇಣುದ್ದದ ಒಂದು ಕಾಣೆ ಸಿಕ್ಕಿತು. ಹುಡುಗ ಕುಣಿದಾಡಿದ. ಹಿಂದೆ ನಿಂತಿದ್ದ ಮಗ ಮೆಲ್ಲಗೆ ಕೇಳಿದ: "ಅಪ್ಪಾ, ಇದನ್ನ ನಂಗ್ಯಾಕೆ ಕಲಿಸ್ಲಿಲ್ಲ?"

ಮಾರ್ಚ್ ಕ್ಲೋಸಿಂಗು, ವರ್ಗಾವಣೆ, ಆಡಿಟ್ಟು... ಏನಂತ ಹೇಳಲಿ? ನಲವತ್ತು ದಾಟಿದ ಮಗನ ಕೈಗೂ ಒಂದು ದಾರ ಕೊಟ್ಟೆ. ಹಳೇ ಬಾಕಿ, ಬಡ್ಡಿಯಾದರೂ ಸಂದಾಯವಾಗಲಿ.

ಆ ರಾತ್ರಿ ಒಂದೇ ಕಾಣೆಯನ್ನು ಐದು ಜನ ಹಂಚಿಕೊಂಡು ತಿಂದೆವು.