ತಾಮ್ರಕ್ಕೆ ಉಳಿದ ಎರಡು ಮೀಟರು

ಊರೂರಿಗೆ ಫೈಬರ್ ಬಂದಮೇಲೆ ತಾಮ್ರದ ತಂತಿಯ ತಿಥಿಯೂಟ ಉಂಡು ಕೈ ತೊಳೆದವರೇ ಹೆಚ್ಚು. ಟೆಲಿಫೋನ್ ಕಂಬದಿಂದ ಜೋತುಬಿದ್ದ ಕಪ್ಪು ತಂತಿ ಗುಜರಿಯವನ ಪಾಲಾಯಿತು, ಇನ್ನು ಮುಂದೆ ಎಲ್ಲ ಗಾಜಿನ ಎಳೆಯೇ ಎಂಬುದು ಈಗ ಯಾರೂ ಪ್ರಶ್ನಿಸದ ಮಾತು. ನನಗೇಕೋ ಇದು ಅರ್ಧ ಸತ್ಯ ಅನಿಸುತ್ತದೆ. ತಾಮ್ರ ಸೋತದ್ದು ದೂರದ ದಾರಿಯಲ್ಲಿ. ಹತ್ತಿರದ ದಾರಿಯಲ್ಲಿ ಅದು ಸೋತಿಲ್ಲ, ಅಷ್ಟೇ ಅಲ್ಲ, ಜಗತ್ತಿನ ಅತಿ ದುಬಾರಿ ಯಂತ್ರಗಳ ಒಳಗೆ ಹಿಂದೆಂದಿಗಿಂತ ಒತ್ತೊತ್ತಾಗಿ ಹೆಣೆದುಕೊಂಡಿದೆ. ಒಂದು ಹೋಗಿ ಇನ್ನೊಂದು ಬಂದ ಕಥೆಯಲ್ಲ ಇದು, ಎರಡರ ನಡುವಿನ ಗಡಿ ಜರುಗುತ್ತ ಬಂದ ಕಥೆ.

ಒಂದು ಕಾಲದಲ್ಲಿ ಆ ಗಡಿ ಎಷ್ಟು ದೂರದಲ್ಲಿತ್ತೆಂದರೆ ಅಟ್ಲಾಂಟಿಕ್ ಸಾಗರವೂ ತಾಮ್ರದ ಸೀಮೆಯೇ ಆಗಿತ್ತು. 1858ರಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡಿಗೆ ಎಳೆದ ತಂತಿಯಲ್ಲಿ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ವೈಟ್‌ಹೌಸ್ ಎಂಬ ವೈದ್ಯರು ತಂತಿಯ ಉಸ್ತುವಾರಿ ವಹಿಸಿದ್ದರು. ಜೋರಾಗಿ ಕೂಗಿದರೆ ಕೇಳಿಸೀತೆಂಬ ಲೆಕ್ಕದಲ್ಲಿ ಅವರು ವೋಲ್ಟೇಜ್ ಏರಿಸಿದರು. ಮೊದಲೇ ಹದಗೆಟ್ಟಿದ್ದ ತಂತಿ ಕೆಲವೇ ವಾರಗಳಲ್ಲಿ ಪ್ರಾಣ ಬಿಟ್ಟಿತು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ: ಕೂಗುವುದು ಬೇಡ, ಕೇಳುವ ಕಿವಿಯನ್ನು ಸೂಕ್ಷ್ಮ ಮಾಡಿ, ತಾಮ್ರವನ್ನು ಶುದ್ಧ ಮಾಡಿ. 1866ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಇಳಿಸಿದ ತಂತಿ ನಿಂತಿತು. ಆಮೇಲಿನ ಸಾಧನೆಗಳ ಹಿಂದೆಯೂ ಬಹುಪಾಲು ಇದೇ ಎರಡು ಉಪಾಯಗಳಿವೆ.

ನೂರು ವರ್ಷ ಕಳೆದು, 1966ರಲ್ಲಿ, ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಗಾಜಿನ ಬಗ್ಗೆಯೂ ಅದನ್ನೇ ಹೇಳಿದರು. ಬೆಳಕನ್ನು ನುಂಗುತ್ತಿರುವುದು ಗಾಜಲ್ಲ, ಗಾಜಿನೊಳಗಿನ ಕಲ್ಮಶ ಎಂದರು. ಕಿಲೋಮೀಟರಿಗೆ ನಷ್ಟ 20 ಡೆಸಿಬೆಲ್‌ಗೆ ಇಳಿದರೆ, ಅಂದರೆ ಹೊರಟ ಬೆಳಕಿನ ನೂರರಲ್ಲೊಂದು ಪಾಲು ಆಚೆ ತುದಿ ಮುಟ್ಟಿದರೆ, ಸಾಕು ಎಂಬುದು ಅವರ ಲೆಕ್ಕ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಆ ಗೆರೆ ದಾಟಿತು. ಇವತ್ತಿನ ಎಳೆಯಲ್ಲಿ ನಷ್ಟ ಕಿಲೋಮೀಟರಿಗೆ 0.2 ಡೆಸಿಬೆಲ್‌ನ ಆಸುಪಾಸು. ಅದೇ ನೂರರಲ್ಲೊಂದು ಪಾಲು ಈಗ 100 ಕಿಲೋಮೀಟರಿನಾಚೆ ಸಿಗುತ್ತದೆ. 1956ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಟೆಲಿಫೋನ್ ಕೇಬಲ್ ತಾಮ್ರದ್ದು, ಒಮ್ಮೆಗೆ 36 ಕರೆಗಳನ್ನು ಹೊರುತ್ತಿತ್ತು. 1988ರ ಗಾಜಿನ ಕೇಬಲ್ 40,000 ಕರೆಗಳಿಗೆ ಜಾಗ ಕೊಟ್ಟಿತು. ದೂರದ ವ್ಯಾಜ್ಯ ಅಲ್ಲಿಗೆ ತೀರಿತು.

ಬೆಳಕಿಗಿಂತ ವೇಗ ಯಾವುದಕ್ಕಿದೆ, ಹತ್ತಿರಕ್ಕಾದರೂ ಗಾಜೇ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿದುಬಿಡುತ್ತದೆ. ಒಳ್ಳೆಯ ತಾಮ್ರದ ಜೋಡಿಯಲ್ಲಿ ಸಂಕೇತದ ಓಟವೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಇರುವುದು ಓಟದಲ್ಲಲ್ಲ, ಸುಸ್ತಿನಲ್ಲಿ. ಸಂಕೇತದ ಕಂಪನ ಏರಿದಂತೆ ವಿದ್ಯುತ್ತು ತಾಮ್ರದ ಮೈಮೇಲಷ್ಟೇ ಹರಿಯತೊಡಗುತ್ತದೆ, ನಷ್ಟ ಬೆಳೆಯುತ್ತದೆ. ಹಾಗಾಗಿ ಡೇಟಾದ ವೇಗ ಹೆಚ್ಚಿದಷ್ಟೂ ತಾಮ್ರದ ಕೈ ಗಿಡ್ಡವಾಗುತ್ತದೆ. ಡೇಟಾ ಸೆಂಟರಿನ ಮಾನದಂಡಗಳನ್ನೇ ನೋಡಿ: ಒಂದು ಜೋಡಿಗೆ 10 ಗಿಗಾಬಿಟ್ ಇದ್ದಾಗ 7 ಮೀಟರು, 50 ಆದಾಗ 3 ಮೀಟರು, 100 ಆದಾಗ 2 ಮೀಟರು.

ಎರಡೇ ಮೀಟರಿಗೆ ಇಷ್ಟು ಪಾಡು ಯಾಕೆ? ಗಾಜಿನ ದಾರಿಗೆ ಎರಡೂ ತುದಿಯಲ್ಲಿ ಸುಂಕವಿದೆ. ವಿದ್ಯುತ್ತನ್ನು ಬೆಳಕು ಮಾಡಲು ಲೇಸರ್ ಉರಿಯಬೇಕು, ಬೆಳಕನ್ನು ಮತ್ತೆ ವಿದ್ಯುತ್ತು ಮಾಡಲು ಆಚೆಗೊಂದು ಸಾಧನ ಬೇಕು. ಒಂದೇ ಬೀರುವಿನೊಳಗೆ ಹಾಗೆ ಮಾಡುವುದು ಪಕ್ಕದ ಮನೆಗೆ ಹೋಗಲು ರೈಲು ಟಿಕೆಟ್ ತೆಗೆಸಿದ ಹಾಗೆ. ಎನ್‌ವಿಡಿಯಾ 2024ರಲ್ಲಿ ತೋರಿಸಿದ 72 ಚಿಪ್ಪುಗಳ ರ‍್ಯಾಕಿನಲ್ಲಿ 5,000ಕ್ಕೂ ಹೆಚ್ಚು ತಾಮ್ರದ ಕೇಬಲ್ಲುಗಳಿವೆ. ತುದಿಗೆ ತುದಿ ಜೋಡಿಸಿದರೆ ಸುಮಾರು 3 ಕಿಲೋಮೀಟರು. ಅಲ್ಲಿ ಗಾಜು ಬಳಸಿದ್ದರೆ ಬೆಳಕಿನ ಸಾಧನಗಳಿಗೇ 20 ಕಿಲೋವ್ಯಾಟ್ ಬೇಕಾಗುತ್ತಿತ್ತು ಎಂದು ಅದರ ಮುಖ್ಯಸ್ಥ ಜೆನ್ಸನ್ ಹುವಾಂಗ್ ಲೆಕ್ಕ ಕೊಟ್ಟರು. ಮಾಲು ಮಾರುವವರ ಲೆಕ್ಕ, ನಿಜ. ಆದರೂ ಇಡೀ ಬೀದಿಯ ಮನೆಗಳಿಗೆ ಸಾಲುವಷ್ಟು ಕರೆಂಟು ಅದು.

ತಾಮ್ರದ ಇನ್ನೊಂದು ಗುಣವನ್ನು ಗಾಜು ಕಲಿತೇ ಇಲ್ಲ: ಸುದ್ದಿಯ ಜೊತೆಗೆ ಶಕ್ತಿಯನ್ನೂ ಹೊರುವುದು. ಮಳೆಗಾಲದಲ್ಲಿ ಕರೆಂಟು ಹೋದಾಗಲೂ ಹಳೆಯ ಫೋನು ಟ್ರಿಣ್ ಅನ್ನುತ್ತಿದ್ದದ್ದು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ಕೃಪೆಯಿಂದ. ಫೈಬರ್ ಮನೆಯಲ್ಲಿ ಮೋಡೆಮ್ಮಿಗೆ ಯುಪಿಎಸ್ ಇಡದಿದ್ದರೆ ಕರೆಂಟಿನ ಜೊತೆಗೇ ಮಾತೂ ಬಂದ್. ಸಮುದ್ರದಡಿಯ ದೊಡ್ಡ ಫೈಬರ್ ಕೇಬಲ್ಲುಗಳನ್ನು ಸೀಳಿ ನೋಡಿದರೂ ಗಾಜಿನೆಳೆಗಳ ಸುತ್ತ ತಾಮ್ರದ ಕೊಳವೆಯೊಂದು ಸಿಗುತ್ತದೆ. ಹತ್ತಾರು ಕಿಲೋಮೀಟರಿಗೊಂದರಂತೆ ಕೂತ ಬೆಳಕಿನ ವರ್ಧಕಗಳಿಗೆ ದಡದಿಂದ ಕರೆಂಟು ಹೋಗುವುದು ಅದರಲ್ಲೇ.

ಗಾಜಿನ ಪಕ್ಷದವರ ಕೊನೆಯ ಅಸ್ತ್ರ ಹೊಸದು. ಲೇಸರಿನ ಸಂಕೇತವನ್ನು ಚಿಪ್ಪಿನ ಮಗ್ಗುಲಿಗೇ ತಂದು ಕೂರಿಸುವ ಸ್ವಿಚ್ಚುಗಳು ಮಾರುಕಟ್ಟೆಗೆ ಬರುತ್ತಿವೆ. ಅವು ಆ ಸುಂಕವನ್ನು ಇಳಿಸುತ್ತವೆ. ಹಾಗಾದಾಗ ರ‍್ಯಾಕಿನ ಎರಡು ಮೀಟರೂ ತಾಮ್ರದ ಕೈ ತಪ್ಪೀತು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಬೆಳಕು ಬಂದಿಳಿಯುವ ಚಿಪ್ಪಿನ ಒಳಗಿನ ತಂತಿಗಳು ಯಾವುದರವು? ಬಹುಕಾಲ ಅಲ್ಯೂಮಿನಿಯಂ ಇದ್ದ ಆ ಜಾಗಕ್ಕೆ 1997ರಲ್ಲಿ ಐಬಿಎಂ ಕರೆತಂದದ್ದು ತಾಮ್ರವನ್ನೇ.